ಮಾಲೆಗಾರರ ಪಾಲು

ಬೆಳಗಿನ ಆರು ಗಂಟೆ. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತಿದ್ದೀರಿ. ರಾತ್ರಿಯ ತಂಪು ಕಲ್ಲಿನಲ್ಲಿ ಇನ್ನೂ ಉಳಿದಿದೆ. ಬಲಕ್ಕೊಂದು ಗುಡ್ಡ, ಎಡಕ್ಕೊಂದು ಗುಡ್ಡ, ನಡುವೆ ಹಸಿರು ನೀರು, ಆಚೆಯ ತುದಿಗೆ ಭೂತನಾಥನ ಗುಡಿ. ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ. ಇಲ್ಲಿ ಒಂದು ಸಲ ಬಡಿದರೆ ಎದುರಿನ ಬಂಡೆ ಅದನ್ನೇ ಇನ್ನೊಂದು ಸಲ ಬಡಿಯುತ್ತದೆ. ಬಿಸಿಲು ಗುಡ್ಡದ ನೆತ್ತಿಗೆ ತಾಗಿದ್ದೇ ತಡ, ಕಂದು ಮರಳುಗಲ್ಲು ಮೇಲಿನಿಂದ ಕೆಳಕ್ಕೆ ಕೆಂಪಾಗುತ್ತಾ ಬರುತ್ತದೆ. ಮಂಗಗಳು ಮೈ ಕಾಯಿಸಿಕೊಳ್ಳಲು ಅಂಚಿಗೆ ಬಂದು ಕೂತಿವೆ. ಅವುಗಳ ಕಣ್ಣು ನಿಮ್ಮ ಚೀಲದ ಮೇಲೆ.

ಎಡದಂಡೆಯ ಕಡೆ ನಡೆಯಿರಿ. ಬಂಡೆಯ ಮೈಮೇಲೆ ಕಪ್ಪೆ ಅರಭಟ್ಟನ ಶಾಸನ ಸಿಗುತ್ತದೆ. ಸುಮಾರು 700ರ ಹೊತ್ತಿನದು. ಕನ್ನಡದ ತ್ರಿಪದಿ ಮೊದಲು ಕಣ್ಣಿಗೆ ಬೀಳುವುದು ಇಲ್ಲಿ. ಅಕ್ಷರ ಓದಲು ಬರದಿದ್ದರೂ ಒಂದು ಮಾತು ನೆನಪಿರಲಿ: ಇದೇ ಮೂರು ಸಾಲಿನ ಧಾಟಿಯಲ್ಲಿ ಈ ಸೀಮೆಯ ಹೆಣ್ಣುಮಕ್ಕಳು ನೂರಾರು ವರ್ಷ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಾ ಜೋಳ ಬೀಸಿದ್ದಾರೆ. ಆ ಜೋಳದ ರೊಟ್ಟಿ ಮಧ್ಯಾಹ್ನ ನಿಮ್ಮ ಕೈಗೆ ಬರಲಿದೆ.

ಗುಹೆಗಳ ಗೇಟು ತೆರೆದ ಮೇಲೆ ಮೆಟ್ಟಿಲು ಹತ್ತಿ. ಮೊದಲ ಗುಹೆಯ ಹದಿನೆಂಟು ತೋಳಿನ ನಟರಾಜನ ಮುಂದೆ ಗುಂಪು ನಿಂತಿದೆ. ಗೈಡ್ ತೋಳುಗಳನ್ನು ಎಣಿಸಿ ತೋರಿಸುತ್ತಿದ್ದಾರೆ. ದಾಟಿ ಮೂರನೆಯ ಗುಹೆಗೆ ಬನ್ನಿ. 578ರಲ್ಲಿ ಚಾಲುಕ್ಯ ಮಂಗಳೇಶ ಮಾಡಿಸಿದ ವಿಷ್ಣುವಿನ ಮನೆ ಇದು. ತಲೆ ಎತ್ತಿ ಕಂಬದ ತೋಳಿನ ಶಿಲ್ಪ ನೋಡುವವರೇ ಎಲ್ಲರೂ. ಇಲ್ಲಿನ ಬರಹದ ಕಡೆ ಒಮ್ಮೆ ಮನಸ್ಸು ಕೊಡಿ. ಗುಹೆ ಕೊರೆಸಿ ಮುಗಿಸಿದ ಮಂಗಳೇಶ ಅಷ್ಟಕ್ಕೇ ಕೈ ತೊಳೆದುಕೊಳ್ಳಲಿಲ್ಲ. ಲಂಜೀಶ್ವರ ಎಂಬ ಊರನ್ನು ಈ ಗುಹೆಗೆ ಬಿಟ್ಟುಕೊಟ್ಟ. ಅದರ ಹುಟ್ಟುವಳಿಯಲ್ಲಿ ದಿನವೂ ಹದಿನಾರು ಬ್ರಾಹ್ಮಣರಿಗೆ ಊಟ, ಉಳಿದದ್ದರಲ್ಲಿ ಊರೂರು ಅಲೆಯುವ ಪರಿವ್ರಾಜಕರಿಗೆ ಅನ್ನ ಎಂದು ಸಂಸ್ಕೃತ ಶಾಸನ ಹೇಳುತ್ತದೆ. ಹೊರಗಿನ ಪುಟ್ಟ ಕನ್ನಡ ಶಾಸನ ಇದನ್ನು ಕಲ್ಮನೆ ಎಂದು ಕರೆದು, ಹೂವಿನ ಸೇವೆ ನಡೆಸುವ ಮಾಲೆಗಾರರ ಪಾಲನ್ನೂ ಹೇಳಿ, ಕೆಡಿಸಿದವರಿಗೆ ಶಾಪವನ್ನೂ ಹಾಕಿ ಮುಗಿಯುತ್ತದೆ.

ನೋಡಲು ಬಂದವನಿಗೆ ಅನ್ನ, ಹೂವು ಕಟ್ಟುವವನಿಗೆ ಪಾಲು. ಗುಹೆಯ ಜಮಾಖರ್ಚಿನಲ್ಲಿ ಇವರಿಬ್ಬರೂ ಇದ್ದರು.

ಈಗ ಕೆಳಗೆ ನೋಡಿ. ಒಂದು ಟೂರಿಸ್ಟ್ ಬಸ್ಸು ಬಂದು ನಿಂತಿದೆ. ಇಳಿದವರ ಕೈಯಲ್ಲಿ ಹೊರಗಿನಿಂದ ತಂದ ಚಿಪ್ಸು, ಹೊರಗಿನಿಂದ ತಂದ ನೀರಿನ ಬಾಟಲಿ. ಮೂರು ತಾಸಿನಲ್ಲಿ ಗುಹೆ, ಕೆರೆ, ಫೋಟೋ ಮುಗಿಸಿ ಹೊರಟರೆ ಬಾದಾಮಿಯಲ್ಲಿ ಅವರು ಬಿಟ್ಟು ಹೋಗುವುದು ಟಿಕೆಟ್ಟಿನ ದುಡ್ಡು, ಪಾರ್ಕಿಂಗಿನ ದುಡ್ಡು ಮತ್ತು ಖಾಲಿ ಬಾಟಲಿ. ಅದೇ ಹೊತ್ತಿಗೆ ಇನ್ನೊಂದು ಬಂಡೆಯ ಬುಡದಲ್ಲಿ ಹಗ್ಗ ಬಿಚ್ಚುತ್ತಿರುವ ಹುಡುಗ ಹುಡುಗಿಯರನ್ನೂ ನೋಡಿ. ಬಾದಾಮಿಯ ಕಡಿದಾದ ಮರಳುಗಲ್ಲು ಬಂಡೆ ಏರುವವರಿಗೆ ದೇಶದಲ್ಲೇ ಹೆಸರಾದ ಜಾಗ. ಒಂದು ಬಂಡೆ ಒಂದೇ ದಿನಕ್ಕೆ ಒಲಿಯುವುದಿಲ್ಲ. ಹಾಗಾಗಿ ಇವರು ದಿನಗಟ್ಟಲೆ ಇಲ್ಲೇ ಉಳಿಯುತ್ತಾರೆ, ಖಾನಾವಳಿಯಲ್ಲಿ ಉಣ್ಣುತ್ತಾರೆ, ಚಹಾದಂಗಡಿಯವನನ್ನು ಹೆಸರು ಹಿಡಿದು ಕರೆಯುವಷ್ಟು ಬಳಕೆಯಾಗುತ್ತಾರೆ. ಬಂಡೆ ಒಂದೇ, ಬಂದವರು ಎಷ್ಟು ಹೊತ್ತು ನಿಂತರು ಎಂಬುದರ ಮೇಲೆ ಊರಿನ ಗಳಿಕೆ ಬೇರೆ.

ಬಿಸಿಲು ಏರಿದೆ. ಐದು ಕಿಲೋಮೀಟರ್ ದೂರದ ಬನಶಂಕರಿಗೆ ಬನ್ನಿ. ಹರಿದ್ರಾ ತೀರ್ಥದ ಸುತ್ತ ಕಲ್ಲುಕಂಬದ ಸಾಲು, ತೆಂಗು, ಬಾಳೆ. ಬನದ ಹುಣ್ಣಿಮೆಯ ಜಾತ್ರೆಗೆ ಬಂದಿದ್ದರೆ ನಾಟಕ ಕಂಪನಿಗಳ ಮೈಕು ನಿಮ್ಮನ್ನು ಮಲಗಲು ಬಿಡುತ್ತಿರಲಿಲ್ಲ. ಇವತ್ತು ಸಾದಾ ದಿನ. ಗುಡಿಯಿಂದ ಹೊರಬಿದ್ದರೆ ಮರದ ನೆರಳಿನಲ್ಲಿ ಬುಟ್ಟಿಗಳ ಸಾಲು. ಒಂದೊಂದು ಬುಟ್ಟಿಯ ಹಿಂದೆ ಒಬ್ಬೊಬ್ಬ ಹೆಣ್ಣುಮಗಳು. ಸುತ್ತಲಿನ ಹಳ್ಳಿಗಳಿಂದ ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು ಬಂದವರು.

"ಬರ್ರೀ ಅಣ್ಣಾರ. ಮೆತ್ತನ ರೊಟ್ಟಿನೂ ಅದಾವ, ಕಟಕ್ ರೊಟ್ಟಿನೂ ಅದಾವ. ಮೊದ್ಲ ಉಣ್ರಿ, ರೊಕ್ಕ ಆಮ್ಯಾಲೆ."

ಕೂತುಬಿಡಿ. ಬಿಳಿ ಬಟ್ಟೆಯ ಗಂಟು ಬಿಚ್ಚಿದಾಗ ಜೋಳದ ವಾಸನೆ ಹೊರಬರುತ್ತದೆ. ರೊಟ್ಟಿಯೇ ತಟ್ಟೆ. ಅದರ ಮೇಲೆ ಎಣಗಾಯಿ, ಪುಂಡಿಪಲ್ಯ, ಒಂದು ಚಿಟಿಕೆ ಶೇಂಗಾ ಹಿಂಡಿ, ಅದರ ಪಕ್ಕಕ್ಕೆ ಕಣ್ಣಲ್ಲಿ ನೀರು ತರಿಸುವ ಕೆಂಪು ಚಟ್ನಿ. ಖಾರ ನೆತ್ತಿಗೇರಿತು ಅನ್ನುವಷ್ಟರಲ್ಲಿ ಮಣ್ಣಿನ ಗಡಿಗೆಯಿಂದ ಗಟ್ಟಿ ಮೊಸರು ಬಂದು ಬೀಳುತ್ತದೆ. ಗಡಿಗೆ ನೀರು ಹೀರಿಕೊಂಡಿರುವುದರಿಂದ ಮೊಸರು ಹೋಳು ಹೋಳಾಗಿ ಕಡಿದು ಬರುತ್ತದೆ.

"ಎಷ್ಟಕ್ಕ ಎದ್ದಿದ್ದಿ ಯವ್ವಾ?"

"ಮೂರಕ್ಕರಿ. ನಾ ರೊಟ್ಟಿ ಬಡೀತೀನಿ, ಸೊಸಿ ಪಲ್ಯ ಮಾಡ್ತಾಳ. ಮೊಸರು ನಿನ್ನಿ ಹೆಪ್ಪ ಹಾಕಿದ್ದು."

"ರೊಟ್ಟಿ ಉಳದ್ರ?"

ಆಕೆ ನಗುತ್ತಾಳೆ. "ಉಳದ್ರ ಮನ್ಯಾಗ ಉಣ್ಣಾವ್ರಿಲ್ಲೇನ್ರಿ? ಎಮ್ಮಿನೂ ಐತಿ."

ಅಭಿವೃದ್ಧಿಗಾಗಿ ಸುಸ್ಥಿರ ಪ್ರವಾಸೋದ್ಯಮ ಎಂದು 2017ನೆಯ ಇಸವಿಯನ್ನೇ ವಿಶ್ವಸಂಸ್ಥೆ ಮೀಸಲಿಟ್ಟಿತ್ತು. ಈ ಬುಟ್ಟಿಯವರಿಗೆ ಆ ಮಾತು ಗೊತ್ತಿರಬೇಕಾದ್ದಿಲ್ಲ. ಜೋಳ ಎರೆಹೊಲದ್ದು, ಹಾಲು ಹಿತ್ತಲಿನ ಎಮ್ಮೆಯದು, ಗಡಿಗೆ ಕುಂಬಾರನದು. ಅಂಗಡಿಗೆ ಬಾಡಿಗೆಯಿಲ್ಲ, ಕರೆಂಟ್ ಬಿಲ್ಲಿಲ್ಲ. ನಾಳೆಗೆ ಉಳಿದು ಕೆಡುವ ಮಾಲಂತೂ ಇಲ್ಲವೇ ಇಲ್ಲ. ನೀವು ಕೊಟ್ಟ ನೋಟು ಸಂಜೆಯ ಹೊತ್ತಿಗೆ ಈ ಸೀಮೆಯಲ್ಲೇ ಮೂರು ಕೈ ಬದಲಿಸಿರುತ್ತದೆ. ಹೀಗಿದ್ದೂ, ನಿಮ್ಮ ಪಕ್ಕದಲ್ಲಿ ಉಂಡು ಎದ್ದವರೊಬ್ಬರು ರೊಟ್ಟಿಗೆ ಐದು ರೂಪಾಯಿ ಕಡಿಮೆ ಮಾಡು ಎಂದು ಜಗ್ಗಾಡುತ್ತಿದ್ದಾರೆ. ಇಪ್ಪತ್ತು ರೂಪಾಯಿಯ ನೀರಿನ ಬಾಟಲಿಗೆ ಅವರು ಚೌಕಾಸಿ ಮಾಡಿದವರಲ್ಲ.

ಏಳುವ ಮೊದಲು ಆ ಅವ್ವನ ಉಡುಗೆ ಗಮನಿಸಿ. ಮಾಸಿದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಆ ಸೆರಗು ಹಿಡಿದೇ ಮುಂದಿನ ದಾರಿ.

ಪಟ್ಟದಕಲ್ಲು ಬರುತ್ತದೆ. 1987ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಗುಡಿಗಳ ಗುಂಪು, ಮಗ್ಗುಲಲ್ಲೇ ಮಲಪ್ರಭೆ. ಅಲ್ಲಿಂದ ಹುನಗುಂದ ಸೀಮೆಯ ಐಹೊಳೆ. ಮೇಗುತಿಯ ಗುಡ್ಡ ಏರಿದರೆ 634ರಲ್ಲಿ ಕವಿ ರವಿಕೀರ್ತಿ ಬರೆದ ಇಮ್ಮಡಿ ಪುಲಿಕೇಶಿಯ ಹೊಗಳಿಕೆ. ಕೆಳಗೆ ಗುಡಿಗೆ ಗುಡಿ, ನಡುವೆ ಮನೆ, ದನ, ಸೊಪ್ಪೆಯ ಬಣವೆ. ಇವನ್ನು ನೋಡಲು ಇನ್ನೊಂದು ಇಡೀ ದಿನ ಬೇಕು, ಅವಸರ ಬೇಡ. ಅಮೀನಗಡದಲ್ಲಿ ಮಾತ್ರ ಇಳಿಯಿರಿ. ರಸ್ತೆಯ ಬದಿಗೆ ಕರದಂಟಿನ ಅಂಗಡಿ. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿಗಳನ್ನು ಬೆಲ್ಲದ ಪಾಕಕ್ಕೆ ಹಾಕಿ ಕಟ್ಟುವ ತಿನಿಸು. ಕರಿದ ಅಂಟು ಎಂಬುದೇ ಕರದಂಟು. ಬಾಣಂತಿಗೆಂದು ಮನೆಯಲ್ಲಿ ಮಾಡುತ್ತಿದ್ದ ಉಂಡಿ ಇಲ್ಲಿ ಒಂದು ಊರಿನ ಹೆಸರನ್ನೇ ಹೊತ್ತು ತಿರುಗುತ್ತದೆ.

ಹುನಗುಂದ ದಾಟಿದರೆ ನೆಲದ ಬಣ್ಣ ಬದಲಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಲಾರಿ ಹತ್ತಿ ದೂರದ ದೇಶಗಳಿಗೆ ಹೋಗುತ್ತದೆ. ಗುಡ್ಡವನ್ನು ಕಡಿದು ಮಾರಿದರೆ ಒಂದೇ ಸಲದ ದುಡ್ಡು, ಆ ಗುಡ್ಡ ಮತ್ತೆ ಬೆಳೆಯುವುದಿಲ್ಲ. ಅದೇ ಊರಿನ ಓಣಿಯೊಳಗೆ ಹೋಗಿ ಕಿವಿಗೊಡಿ: ಟಕ್, ಟಕ್, ಟಕ್. ಬಾಗಿಲು ಅರ್ಧ ತೆರೆದಿದೆ.

ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ನೇಕಾರನ ಕಾಲು ಕುಣಿಯೊಳಗೆ, ಕೈ ಲಾಳಿಯ ಮೇಲೆ. ಮೂಲೆಯಲ್ಲಿ ಹೆಂಡತಿ ಕಂಡಿಕೆ ಸುತ್ತುತ್ತಿದ್ದಾಳೆ. ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸೂ ಬೇರೆ ಬೇರೆ. ಹತ್ತಿಯ ಒಂದೊಂದು ಎಳೆಯನ್ನೂ ರೇಷ್ಮೆಯ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಇದೇ ಕೊಂಡಿ. ಎಳೆ ಸಾವಿರಗಟ್ಟಲೆ.

"ಸೀರಿ ತಿರುವಿ ನೋಡ್ರಿ ಸರ್, ಸೆರಗು ಕೂಡಿದ ಕಡೆ ಬೆರಳಿಗೆ ಹತ್ತತೈತಿ," ಎನ್ನುತ್ತಾನೆ ಆತ. ನಿಮ್ಮ ಬೆರಳಿಗೂ ಹತ್ತುತ್ತದೆ, ಒಂದು ಸಣ್ಣ ಏಣಿನ ಹಾಗೆ. ಸೆರಗಿನ ತುದಿಯ ಬಿಳಿ ಹಲ್ಲುಗಳನ್ನು ಒಂದೊಂದಾಗಿ ಹೇಳುತ್ತಾನೆ: ಇದು ಹಣಿಗಿ, ಇದು ಕೋಟೆಯ ತೆನೆ, ಇದು ತೋಪುತೆನಿ ಅಂದರೆ ಜೋಳದ ತೆನೆ, ಇದು ರಂಪ ಅಂದರೆ ಗುಡ್ಡದ ಸಾಲು. ಮುಂಜಾನೆ ಕಂಡ ಗುಡ್ಡ, ಮಧ್ಯಾಹ್ನ ಉಂಡ ಜೋಳ ಎರಡೂ ಕೆಂಪು ರೇಷ್ಮೆಯ ಮೇಲೆ ಕೂತಿವೆ.

ಈ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಪೇಟೆಯಲ್ಲಿ ಇದೇ ಹೆಸರಿನ ಪವರ್‌ಲೂಮ್ ಸೀರೆ ಅಗ್ಗಕ್ಕೆ ಸಿಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣು ಗಿರಾಕಿಗೆ ಬರುವುದು ಇಂಥ ಮನೆಯ ಹೊಸ್ತಿಲಲ್ಲಿ ಅರ್ಧ ತಾಸು ಕೂತಾಗ. ಬಾದಾಮಿಯಿಂದ ನೇರ ಹಂಪಿಗೆ ಓಡುವ ಬಸ್ಸಿಗೆ ಆ ಅರ್ಧ ತಾಸು ಇಲ್ಲ.

ಹಾಗಾಗಿ ಬರುವವರಿಗೆ ಇಷ್ಟೇ ವಿನಂತಿ. ಒಂದು ರಾತ್ರಿ ಹೆಚ್ಚು ಉಳಿಯಿರಿ. ನೀರಿನ ಬಾಟಲಿ ಮನೆಯಿಂದ ತನ್ನಿ, ಊಟ ತರಬೇಡಿ. ಸೀರೆ ಕೊಳ್ಳುವುದಾದರೆ ತಿರುವಿ, ಕೊಂಡಿ ಮುಟ್ಟಿ ಕೊಳ್ಳಿ. ಮಾಲೆಗಾರರ ಪಾಲು ಕೆಡಿಸಿದವನು ಏಳನೆಯ ನರಕದ ಹುಳುವಾಗುತ್ತಾನೆಂದು ಮಂಗಳೇಶ ಕಲ್ಲಿನಲ್ಲಿ ಬರೆಸಿದ. ಈಗ ಅಷ್ಟು ದೊಡ್ಡ ಶಾಪ ಬೇಕಾಗಿಲ್ಲ. ಬನಶಂಕರಿಯ ನೆರಳಿನಲ್ಲಿ ಕೂತು ಉಂಡ ರೊಟ್ಟಿಗೆ ಚೌಕಾಸಿ ಮಾಡದಿದ್ದರೆ ಸಾಕು.