ಬುಲೆಟ್ಟೋ? ಜಾವಾವೋ?

ಸಂಪಿಗೆ ರಸ್ತೆಯ ಅಡ್ಡಬೀದಿಯೊಂದರಲ್ಲಿ ನಮ್ಮ ತಂದೆಯವರ ಮೋಟಾರ್‌ಸೈಕಲ್ ರಿಪೇರಿ ಅಂಗಡಿ. ಅಲ್ಲಿಗೆ ಬರುವ ಹಳೆಯ ಗಾಡಿಗಳಲ್ಲಿ ಎರಡು ಕುಲ: ಇಂಗ್ಲೆಂಡ್ ಮೂಲದ ಬುಲೆಟ್ಟು, ಜೆಕೊಸ್ಲೊವಾಕಿಯಾ ಮೂಲದ ಜಾವಾ. ಅದು 1955ರಿಂದ ಮದರಾಸಿನಲ್ಲಿ, ಇದು 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಾದವು. ಬುಲೆಟ್ಟಿನದು 350 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಎಂಜಿನು. ಮದುವೆ ಮನೆಯ ಹಿರಿಯರಂತೆ ಗಂಭೀರ ನಡೆ. ಜಾವಾ 250 ಸಿ.ಸಿ.ಯ ಎರಡು ಸ್ಟ್ರೋಕಿನ ಚುರುಕು ಜೀವ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರಿನ ಶೋಕಿ ಬೇರೆ! ಅದರ ಗೇರಿನ ಲಿವರನ್ನೇ ತಿರುಗಿಸಿದರೆ ಕಿಕ್ಕರಾಗುತ್ತದೆ. ನನ್ನ ಮತ ಜಾವಾಕ್ಕೆ.

ಆದರೆ ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಸಿಗದ ಬಿಡಿಭಾಗಗಳನ್ನು ತಂದೆಯವರು ಅರದಿಂದ ಉಜ್ಜಿ ತಾವೇ ಮಾಡುತ್ತಾರೆ. ಅಳತೆಯೆಲ್ಲ ಅವರ ಬೆರಳಲ್ಲೇ. ನಮ್ಮ ಮನೆಯಲ್ಲಿ ಬಿ.ಎ. ಓದುತ್ತಿರುವವನು ನಾನೇ ಮೊದಲಿಗ. ಸ್ಪ್ಯಾನರು ಮುಟ್ಟಕೂಡದೆಂದು ಅವರ ಅಪ್ಪಣೆ. ಬರೆಯಕೂಡದೆಂದು ಹೇಳಿಲ್ಲವಲ್ಲ! ಆ ಅಳತೆಗಳನ್ನು ಒಂದೊಂದಾಗಿ ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೇನೆ.