ಬೆಳ್ಳಿತೆರೆಯೂ ಸಹೃದಯನೂ

ಉಮ್ಮತ್ತೂರಿನ ಸೀಮೆಯಲ್ಲಿ ಕಂಸಾಳೆಯ ದನಿ ಕೇಳದೆ ಬೆಳೆದವರು ವಿರಳ. ದೇವರಗುಡ್ಡರು ಮಲೆಯ ಮಾದೇಶ್ವರನ ಕಥೆಯನ್ನು ಎತ್ತಿಕೊಂಡರೆಂದರೆ ಇರುಳು ಸರಿದುದೇ ತಿಳಿಯದು. ಸಂಕಮ್ಮನ ಸಂಕಟ ಹೇಗೆ ಪರಿಹಾರವಾಗುವುದೆಂಬುದು ಕೇಳುವವರಿಗೆಲ್ಲ ಮೊದಲೇ ಗೊತ್ತು. ಆದರೂ ಆ ಸಾಲು ಬಂದಾಗ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುವರು. ಕಥೆಯ ಹೊಸತನವೊಂದೇ ಪ್ರೇಕ್ಷಕನನ್ನು ಹಿಡಿದಿಡುವುದೆಂದು ನಂಬಿದ ಚಿತ್ರನಿರ್ಮಾಪಕರು ಒಂದು ರಾತ್ರಿ ಇಂತಹ ಸಭೆಯಲ್ಲಿ ಕುಳಿತರೆ ಅವರಿಗೆ ನಷ್ಟವೇನೂ ಆಗದು.

ಈ ಸೀಮೆಗೆ ದೂರವಲ್ಲದ ಗಾಜನೂರಿನ ಮುತ್ತುರಾಜರು, ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದು ರಾಜಕುಮಾರರೆನಿಸಿದರು. ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಥೆಯನ್ನು ಕನ್ನಡಿಗರು ಆಗ ಹೊಸದಾಗಿ ಕೇಳಬೇಕಾಗಿರಲಿಲ್ಲ. ಜನ ನೋಡಬಂದದ್ದು ಕಥೆಯ ತುದಿಯನ್ನಲ್ಲ, ಅದನ್ನು ಮುಟ್ಟುವ ದಾರಿಯನ್ನು.

ಜನಸಾಮಾನ್ಯರಿಗೆ ಸುಖಾಂತ ಬೇಕು, ಕೆಲವೇ ರಸಿಕರಿಗೆ ದುಃಖಾಂತ ಹಿಡಿಸುತ್ತದೆ ಎಂಬ ಮಾತೊಂದು ರೂಢಿಯಲ್ಲಿದೆ. ಇದು ಪರೀಕ್ಷೆಗೆ ನಿಲ್ಲದ ಮಾತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1972ರಲ್ಲಿ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಅದರ ಅಂತ್ಯವಾದರೂ ಎಂಥದು? ಅಕ್ಕನ ಮಕ್ಕಳಿಗಾಗಿ ಬರಡುನೆಲವನ್ನು ಹಸುರಾಗಿಸಿದ ರಾಜೀವ, ಕೈಹಿಡಿದ ಹೆಂಡತಿಯನ್ನೂ ಕಳೆದುಕೊಂಡು, ತಾನೇ ಸಾಕಿದ ಸೋದರಳಿಯನಿಂದ ಕಳಂಕದ ಮಾತು ಕೇಳಿ, ಮರುಮಾತಾಡದೆ ಮನೆ ತೊರೆದು ನಡೆಯುತ್ತಾನೆ. ಚಿತ್ರಮಂದಿರ ತುಂಬಿದ್ದು ಈ ದುಃಖವನ್ನು ನೋಡಲಿಕ್ಕಾಗಿಯೇ.

ಅದಕ್ಕೆ ಎರಡು ವರ್ಷ ಹಿಂದೆ, 1970ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿಸಿದ್ದರು. ಸೆನ್ಸಾರಿನವರ ನಿರಾಕರಣೆಯನ್ನು ದಾಟಿ ಬಂದ ಆ ಚಿತ್ರಕ್ಕೆ ದೇಶದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿ ದೊರೆಯಿತು. ಕನ್ನಡಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಅಲ್ಲಿಯೂ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ ಮನೆ ಬಿಟ್ಟು ನಡೆಯುತ್ತಾನೆ. ಕೊನೆಗೆ ಅಗ್ರಹಾರದತ್ತ ಮುಖಮಾಡುತ್ತಾನೆ.

ನಡೆಯುವವರು ಇಬ್ಬರು, ನೋಡುವವರ ಪಾಡು ಮಾತ್ರ ಬೇರೆ. ರಾಜೀವ ನಿರಪರಾಧಿಯೆಂಬುದು ಪ್ರೇಕ್ಷಕನಿಗೆ ಗೊತ್ತು, ಸೋದರಳಿಯನಿಗೆ ಗೊತ್ತಿಲ್ಲ. ಬಂಡೆ ಒಡೆದು ನೀರು ಕಂಡ ದಿನದಿಂದಲೂ ರಾಜೀವನ ಬೆವರನ್ನು ಕಂಡವನು ಈ ಪ್ರೇಕ್ಷಕ. ಎದ್ದುನಿಂತು ಸಾಕ್ಷಿ ಹೇಳಲಾರದ ಸಾಕ್ಷಿ. ಆ ಅಸಹಾಯಕತೆಯೇ ಕಣ್ಣೀರಾಗುತ್ತದೆ. ಅದನ್ನು ಪಾಮರನೂ ಪಂಡಿತನೂ ಏಕಪ್ರಕಾರವಾಗಿ ಅನುಭವಿಸಬಲ್ಲರು. ಆಚಾರ್ಯನ ವಿಷಯದಲ್ಲಿ ಹಾಗಲ್ಲ. ಮುಂದೇನು ಮಾಡಬೇಕೆಂಬುದು ಅವನಿಗೂ ತಿಳಿಯದು, ನೋಡುವವನಿಗೂ ತಿಳಿಯದು. ತೀರ್ಪಿನ ಹೊರೆಯನ್ನು ಹೊತ್ತು ಮನೆಗೆ ಹೋಗಲು ಒಪ್ಪುವವರು ಎಲ್ಲ ಕಾಲಕ್ಕೂ ಕಡಿಮೆಯೇ. ಕಡಿಮೆಯಾದರೂ ಅವರು ಆ ಚಿತ್ರವನ್ನು ಮರೆಯುವವರಲ್ಲ.

ಹಾಗೆಂದು ಬರಿದಾದ ಚಿತ್ರಮಂದಿರವೇ ಉತ್ತಮ ಕಲೆಯ ಗುರುತಲ್ಲ. ‘ಸಂಸ್ಕಾರ’ದ ಮೌನವನ್ನಷ್ಟೇ ಎರವಲು ತಂದವರೂ ಉಂಟು, ರಾಜೀವನ ಬೆವರಿಲ್ಲದೆ ಅವನ ನಿರ್ಗಮನವನ್ನು ಮಾತ್ರ ಅನುಕರಿಸಿದವರೂ ಉಂಟು. ಇಬ್ಬರನ್ನೂ ಜನ ಕೈಬಿಟ್ಟರು, ಅದು ನ್ಯಾಯವೇ.

ಎರಡು ಬಗೆಯ ಪ್ರೇಕ್ಷಕರೂ ಒಂದೇ ಚಿತ್ರಕ್ಕೆ ಒಲಿಯುವುದು ಅಪರೂಪ. ರಾಮ್ ರೆಡ್ಡಿಯವರ ‘ತಿಥಿ’ ಅಂತಹುದು. ಮಂಡ್ಯದ ನೊದೆಕೊಪ್ಪಲಿನಲ್ಲಿ, ಅಭಿನಯವನ್ನು ವೃತ್ತಿಯಾಗಿ ಅರಿಯದ ಹಳ್ಳಿಗರೇ ನಟಿಸಿದ ಆ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪುರಸ್ಕೃತವಾಗಿ, ಮರುವರ್ಷ ಕರ್ನಾಟಕದ ಚಿತ್ರಮಂದಿರಗಳಲ್ಲಿಯೂ ಮೆಚ್ಚುಗೆ ಪಡೆಯಿತು. ಹಾಸ್ಯಪಾತ್ರಗಳಿಗೆಂದೇ ಮೀಸಲಿಡಲಾಗುತ್ತಿದ್ದ ಹಳ್ಳಿಯ ನುಡಿ ಅಲ್ಲಿ ಸಾವು, ಆಸ್ತಿ, ವಂಚನೆಗಳನ್ನೆಲ್ಲ ಆಡಿತು. ಮಂಡ್ಯದ ಮಾತಿಗೆ ಸಮೀಪದ ಮಾತನ್ನಾಡುವ ಚಾಮರಾಜನಗರದ ಕಡೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಅಲ್ಲಿಯೂ ನಡೆಯುವವನೊಬ್ಬನಿದ್ದಾನೆ, ಗಡ್ಡಪ್ಪ. ಬದುಕಿರುವ ಅವನು ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಹೊರಟಿರುವವನು ಅವನ ಮಗನೇ. ಗಡ್ಡಪ್ಪನಿಗೆ ಜಮೀನಿನ ಮೇಲೆ ಆಸೆಯಿಲ್ಲ. ಏಕೆಂಬುದನ್ನು ಅವನು ಮಗನಿಗೆ ಹೇಳುವುದೂ ಇಲ್ಲ. ಒಂದು ರಾತ್ರಿ ಬೆಂಕಿಯ ಮುಂದೆ ಕುಳಿತು, ಗುರುತುಪರಿಚಯವಿಲ್ಲದ ಕುರಿಗಾಹಿಗಳಿಗೆ ತನ್ನ ಹಳೆಯ ನೋವನ್ನು ಹೇಳುತ್ತಾನೆ, ಯಾರದೋ ಕಥೆಯನ್ನು ಹೇಳುವಂತೆ.