ಪರೀಕ್ಷೆ ಆಗೋವರೆಗೆ ಚಪಾತಿ ಬಿಡಬೇಡ

ಮೈಸೂರು
ಭಾನುವಾರ

ಪ್ರೀತಿಯ ಪುಟ್ಟಿ,

ರಕ್ತದಲ್ಲಿ ಸೀಲಿಯಾಕ್ ಕಾಯಿಲೆಯ ಸುಳಿವು ಕೊಡೋ ಟಿಟಿಜಿ ಹೆಚ್ಚಿದೆ ಅಂತ ರಿಪೋರ್ಟ್ ಬಂದ ದಿನವೇ ಗೋಧಿಹಿಟ್ಟಿನ ಡಬ್ಬ ಪಕ್ಕದ ಮನೆಗೆ ಕೊಟ್ಟುಬಿಟ್ಟೆ ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಇವತ್ತೇ ಹಿಟ್ಟು ತರಿಸು. ಎಂಡೋಸ್ಕೋಪಿ ಮುಗಿಯೋವರೆಗೆ ದಿನಾ ಚಪಾತಿ ತಿನ್ನು.

ಅಕ್ಕನಿಗೆ ತಲೆ ಕೆಟ್ಟಿದೆ ಅಂದ್ಕೋಬೇಡ. ನಾನೂ ಯಾರದೋ ಮಾತು ಕೇಳಿ ಪರೀಕ್ಷೆಗೆ ಮುಂಚೆಯೇ ಹೆಚ್ಚುಕಡಿಮೆ ಒಂದು ವರ್ಷ ಗೋಧಿ ಬಿಟ್ಟಿದ್ದೆ. ರಕ್ತದಲ್ಲೂ ಏನೂ ಕಾಣಲಿಲ್ಲ, ಕರುಳಿನಿಂದ ತೆಗೆದ ಚೂರುಗಳಲ್ಲೂ ಕಾಣಲಿಲ್ಲ. ‘ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿದರು. ಆಮೇಲೆ ಇನ್ನೊಬ್ಬ ಡಾಕ್ಟರು ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಿ, ಆ ಭೇದಿ, ಹೊಟ್ಟೆಯುಬ್ಬರ ಎಲ್ಲ ಎರಡನೇ ಸಲ ಪಟ್ಟ ಮೇಲೆಯೇ ಸೀಲಿಯಾಕ್ ಅಂತ ಗೊತ್ತಾದದ್ದು.

ಸಣ್ಣ ಕರುಳಿನ ಒಳಮೈಯಲ್ಲಿ ಒತ್ತಾದ ಪೈರಿನ ಹಾಗೆ ಸಣ್ಣ ಸಣ್ಣ ಎಳೆಗಳಿರುತ್ತವೆ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಒಳಗೆ ಹೋದರೆ ನಮ್ಮಂಥವರ ರೋಗನಿರೋಧಕ ಶಕ್ತಿ ತಿರುಗಿ ಆ ಎಳೆಗಳ ಮೇಲೇ ಬೀಳುತ್ತೆ. ದನ ನುಗ್ಗಿದ ಗದ್ದೆಯಂತಾಗುತ್ತೆ. ಕಬ್ಬಿಣಾಂಶ ಹೀರೋದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲೇ. ನೀನು ಎರಡು ವರ್ಷ ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದೆ ಇದ್ದದ್ದು ಇದಕ್ಕೇ ಇರಬೇಕು. ಗ್ಲುಟೆನ್ ನಿಲ್ಲಿಸಿದರೆ ಪೈರು ಮತ್ತೆ ಚಿಗುರುತ್ತೆ; ಆಗ ಚೂರಿನಲ್ಲಿ ಡಾಕ್ಟರಿಗೆ ಏನು ಕಾಣಬೇಕು, ಹೇಳು?

ಗೋಧಿ ಬಿಟ್ಟರೆ ಚೇತರಿಕೆ ಅನ್ನೋದು ಹಿಂದೆಯೂ ಕಂಡದ್ದೇ. ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕ್ಕೆಗೆ ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಗೋಧಿಯ ಮೇಲೆ ಅನುಮಾನವಿತ್ತಂತೆ. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ ಸಿಗದೆ ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಬಂತು, ಮತ್ತೆ ಹಾಸಿಗೆ ಹಿಡಿದರು. ಪಾಪ, ಎಂಥಾ ಪರೀಕ್ಷೆ!

ಈ ಕಾಯಿಲೆಗೆ ಮಾತ್ರೆಯಿಲ್ಲ. ಖಚಿತವಾದರೆ ಜೀವನಪೂರ್ತಿ ಪಥ್ಯವೇ. ನಮ್ಮ ಪುಣ್ಯಕ್ಕೆ ರಾಗಿ, ಜೋಳ, ಅಕ್ಕಿ, ನವಣೆ ಎಲ್ಲ ಆಗುತ್ತೆ. ಕಷ್ಟ ಇರೋದು ಕಣ್ಣಿಗೆ ಬೀಳದ ಗೋಧಿಯಲ್ಲಿ. ಡಬ್ಬಿಯ ಇಂಗಿಗೆ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ. ಅಂಥ ಇಂಗು ಹಾಕಿದ ಅಮ್ಮನ ಸಾರಿನ ಪುಡಿಯನ್ನು ನಂಬಿ ನಾನು ಆರು ತಿಂಗಳು ಮೋಸಹೋದೆ! ಮಿಲ್ಲಿನಲ್ಲಿ ಗೋಧಿ ಬೀಸಿದ ಮೇಲೆ ಬೀಸಿದ ರಾಗಿಯೂ ಬೇಡ. ಪೂರಿ ಕರಿದ ಎಣ್ಣೆಯಲ್ಲಿ ಕರಿದ ಹಪ್ಪಳವೂ ಬೇಡ. ಒಂದು ಕಾವಲಿ ನಿನಗೇ ಅಂತ ಇಟ್ಟುಕೋ.

ಸತ್ಯನಾರಾಯಣ ಪೂಜೆಯ ಗೋಧಿರವೆ ಸಜ್ಜಿಗೆಗೆ ಮಾತ್ರ ಈಗಲೂ ಸಂಕಟ. ‘ಪ್ರಸಾದ ಅಲ್ವೇನೇ, ಒಂದು ಚಿಟಿಕೆಗೆ ಏನಾಗುತ್ತೆ’ ಅಂತ ಅತ್ತೆ ಎಲ್ಲರೆದುರಿಗೆ ಕೇಳಿದ್ದರು. ಕಣ್ಣಿಗೊತ್ತಿಕೊಂಡು ಪಕ್ಕದವರ ಕೈಗೆ ಹಾಕಿದೆ. ಅತ್ತೆ ಮೂರು ದಿನ ಮಾತಾಡಲಿಲ್ಲ. ಈಗ ಅವರೇ ನನಗೆ ಅಂತ ಬಾಳೆಹಣ್ಣು ತೆಗೆದಿಡುತ್ತಾರೆ.

ನಿನ್ನ ಮಕ್ಕಳಿಬ್ಬರಿಗೂ ರಕ್ತಪರೀಕ್ಷೆ ಮಾಡಿಸೋದನ್ನು ಡಾಕ್ಟರ ಹತ್ತಿರ ಕೇಳು. ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಇದು ಬರೋ ಸಾಧ್ಯತೆ ಹೆಚ್ಚು.

ಎಂಡೋಸ್ಕೋಪಿ ತಾರೀಕು ತಿಳಿಸು. ಹಿಂದಿನ ದಿನವೇ ಬರ್ತೀನಿ, ಮನೆಯಲ್ಲೇ ಬೀಸಿದ ರಾಗಿಹಿಟ್ಟು ತರ್ತೀನಿ. ಆದರೆ ಆ ರಾತ್ರಿಯೂ ಚಪಾತಿಯೇ.

ನಿನ್ನ
ಅಕ್ಕ